ಸೇಡಂ ರಸ್ತೆ ಕಡೆ ರೂಮ್ ಹುಡುಕುವವರೇ, ಮೊದಲು ಕರೆಂಟ್ ಬಿಲ್ ನೋಡಿ

ಮೊನ್ನೆ ಕಲಬುರಗಿಯ ಸೇಡಂ ರಸ್ತೆಯ ಲೈಟಿನ ಕಂಬಕ್ಕೆ ಅಂಟಿಸಿದ್ದ ‘ರೂಮ್ ಖಾಲಿ ಅದ’ ಎಂಬ ಚೀಟಿ ನೋಡಿ ಎದೆ ಧಸಕ್ ಅಂತು. ಅದೇ ಓರೆ ಅಕ್ಷರ, ಅದೇ ಹಸಿರು ಸ್ಕೆಚ್ ಪೆನ್. ಹೋದ ವರ್ಷ ನಮ್ಮ 15,000 ರೂಪಾಯಿ ನುಂಗಿದವನದೇ ಕೈಬರಹ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಈಗ ಅಡ್ಮಿಷನ್ ಸಮಯ, ಹಳ್ಳಿಗಳಿಂದ ಹುಡುಗರು ಬ್ಯಾಗು ಹೊತ್ತು ಬಂದಿಳಿಯುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಹಾಪುರ ಕಡೆಯವನು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ ಸೀಟು ಸಿಕ್ಕಿತ್ತು, ಹಾಸ್ಟೆಲ್ ಪಟ್ಟಿ ಬಂದಿರಲಿಲ್ಲ. ಗೆಳೆಯನ ಜೊತೆ ನಾಲ್ಕು ದಿನ ಓಣಿ ಓಣಿ ತಿರುಗಿದೆ. “ಬ್ಯಾಚುಲರ್‌ಗೆ ಕೊಡಂಗಿಲ್ರಿ” ಅನ್ನುವವರು ಕೆಲವರು. ಉಳಿದವರು ಬಾಡಿಗೆ ಹೇಳುವ ಮೊದಲೇ “ಯಾವ ಮಂದಿ ನೀವು?” ಅಂತ ಕೇಳುವವರು. ಉತ್ತರ ಕೇಳಿದ ಮೇಲೆ ರೂಮ್ ಇದ್ದಕ್ಕಿದ್ದಂತೆ ಯಾರಿಗೋ ಮಾತಾಗಿಬಿಟ್ಟಿರುತ್ತಿತ್ತು.

ಐದನೆಯ ದಿನ ಸುಸಲಾ-ಮಿರ್ಚಿ ತಿನ್ನುತ್ತ ಕೂತಿದ್ದಾಗ ಆ ಮನುಷ್ಯ ತಾನಾಗಿಯೇ ಮಾತಿಗೆ ಬಂದ. ಐವತ್ತರ ಆಸುಪಾಸು, ಬಿಳಿ ಅಂಗಿ. “ಯಾ ಊರೋ ತಮ್ಮಾ? ನಮ್ಮ ಮ್ಯಾಲಿನ ಮನಿ ಖಾಲಿ ಅದ, ಬರ್ರಿ ನೋಡಿ.” ಜಾತಿ ಕೇಳಲಿಲ್ಲ. ಅಷ್ಟಕ್ಕೇ ನಾವು ಅರ್ಧ ಕರಗಿಹೋಗಿದ್ದೆವು.

ಎರಡು ಖೋಲಿ, ಕೆಳಗೆ ತಣ್ಣನೆಯ ಶಹಾಬಾದ್ ಫರಸಿ, ಬಾಡಿಗೆ 4,500. ಕೀಲಿ ಅವನ ಜೇಬಿನಲ್ಲೇ ಇತ್ತು. ಕೀಲಿ ಇದ್ದವನೇ ಮಾಲಕ ಅಂದುಕೊಂಡೆವು.

“ಬಾಂಡ್ ಪೇಪರ್ ಯಾವಾಗ್ರಿ ಕಾಕಾ?”

“ಅಮಾಸಿ ಮುಗೀಲಿ ತಮ್ಮಾ. ನಿಮ್ಮಂಗ ಇನ್ನಿಬ್ರು ಕೇಳ್ಲಕತ್ತಾರ ನೋಡು.”

ಕಾಗದಕ್ಕೆ ಅಡ್ಡ ಬಂದ ಅಮಾವಾಸ್ಯೆ ದುಡ್ಡಿಗೆ ಅಡ್ಡ ಬರಲಿಲ್ಲ. ಫೋನ್‌ಪೇ ಮಾಡುತ್ತೇವೆ ಅಂದರೆ ಗುಂಡಿ ಫೋನ್ ತೋರಿಸಿದ. 15,000 ನಗದು ಎಣಿಸಿ ಕೊಟ್ಟೆವು. ನೋಟ್‌ಬುಕ್ಕಿನ ಹಾಳೆಯಲ್ಲಿ ‘ಮುಟ್ಟಿತು’ ಅಂತ ಬರೆದು ಒಂದು ಗೀಟು ಎಳೆದ. ಅದೇ ಸಹಿ.

ಮೂರು ವಾರ ಆರಾಮ ಇದ್ದೆವು. ಒಂದು ರವಿವಾರ ಮುಂಜಾನೆ ಸೊಲ್ಲಾಪುರದಿಂದ ವಯಸ್ಸಾದ ಅಮ್ಮ ಒಬ್ಬರು ಮಗನ ಜೊತೆ ಬಂದರು. “ನೀವ್ಯಾರೋ ಯಪ್ಪಾ, ನನ್ನ ಮನ್ಯಾಗ?” ಆ ಕಾಕಾ ಅವರ ಬಾಡಿಗೆದಾರ, ಐದು ತಿಂಗಳ ಬಾಡಿಗೆ ಬಾಕಿ ಇಟ್ಟವನು. ಅವನ ಫೋನ್ ಬಂದ್. ಹಾಳೆ ತೋರಿಸಿದೆವು. ಆಕೆ ನಕ್ಕರೋ ಮರುಗಿದರೋ ತಿಳಿಯಲಿಲ್ಲ. “ಇಷ್ಟ್ ಓದೀರಿ, ಕೆಳಗಿನ ಕರೆಂಟ್ ಬಿಲ್ ಓದ್ಲಿಲ್ಲೇನು?”

ಜೆಸ್ಕಾಂ ಬಿಲ್ಲು ಮೆಟ್ಟಿಲ ಕೆಳಗಿನ ಮೀಟರ್ ಡಬ್ಬಿಗೆ ಸಿಕ್ಕಿಸಿಯೇ ಇತ್ತು, ಆ ಅಮ್ಮನ ಹೆಸರಿನಲ್ಲಿ. ದಿನಾ ಅದರ ಮುಂದೆಯೇ ಸೈಕಲ್ ನಿಲ್ಲಿಸುತ್ತಿದ್ದೆವು. ಪುಣ್ಯಕ್ಕೆ ತಿಂಗಳ ಕೊನೆಯವರೆಗೆ ಇರಲು ಬಿಟ್ಟರು. ಪೊಲೀಸರಿಗೆ ಅರ್ಜಿ ಕೊಟ್ಟೆವು, ಆದರೆ ನಮ್ಮ ಹಾಳೆಯಲ್ಲಿ ಅವನ ಪೂರ್ತಿ ಹೆಸರೂ ಇರಲಿಲ್ಲ.

ಹಾಗಾಗಿ ರೂಮ್ ತೋರಿಸಿದವನ ಆಧಾರ್ ಹೆಸರಿಗೂ ಬಿಲ್ಲಿನ ಹೆಸರಿಗೂ ತಾಳೆ ನೋಡಿ. ಬಿಲ್ಲು ತೀರಿಹೋದ ಅಪ್ಪನ ಹೆಸರಿನಲ್ಲೇ ನಡೆಯುತ್ತಿರುವುದೂ ಉಂಟು, ಆಗ ಪಾಲಿಕೆಯ ತೆರಿಗೆ ರಸೀದಿ ಕೇಳಿ. ಅದಕ್ಕಿಂತ ಸಸ್ತಾ ಉಪಾಯ, ಓಣಿಯ ಕಿರಾಣಿ ಅಂಗಡಿಯಲ್ಲಿ “ಈ ಮನಿ ಯಾರದ್ರಿ?” ಅಂತ ಕೇಳುವುದು. ಅಡ್ವಾನ್ಸ್ ಮೊತ್ತ ಕರಾರಿನಲ್ಲಿ ಬರೆಸಿ, ದುಡ್ಡು ಮಾಲಕರ ಖಾತೆಗೇ ಹಾಕಿ. ಕರಾರು 11 ತಿಂಗಳಿಗೆ ಅಂದರೆ ಗಾಬರಿ ಬೇಡ, ಅದು ಮೋಸವಲ್ಲ. ವರ್ಷ ದಾಟಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ಗೆಳೆಯನಿಗೆ ಇನ್ನೊಂದು ತರಹ ಆಯಿತು. ಆನ್‌ಲೈನ್ ಜಾಹೀರಾತು ನೋಡಿ ಫೋನ್ ಮಾಡಿದರೆ, ತಾನು ಮಿಲಿಟರಿಯವನು, ಮನೆ ತೋರಿಸಲು ಬರಲಾಗುವುದಿಲ್ಲ, ಟೋಕನ್ ಹಾಕು, ವಾಪಸ್ ಬೇಕಾದರೆ ಈ ಕ್ಯೂಆರ್ ಸ್ಕ್ಯಾನ್ ಮಾಡು ಅಂದನಂತೆ. ಯುಪಿಐ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆಯೇ ಹೊರತು ಬರುವುದಿಲ್ಲ. ಗೆಳೆಯ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ. ನೀವೂ ತಡಮಾಡಬೇಡಿ.

ಇನ್ನು ರೂಮನ್ನು ಮಧ್ಯಾಹ್ನ ಎರಡಕ್ಕೆ ಹೋಗಿ ನೋಡಿ, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ. ನಾವು ಎರಡನೆಯ ರೂಮನ್ನು ಬಿಲ್ಲು, ಆಧಾರ್, ರಸೀದಿ ಎಲ್ಲ ನೋಡಿಯೇ ಹಿಡಿದೆವು. ಮಳೆಗಾಲವಾದ್ದರಿಂದ ತಲೆಯ ಮೇಲಿನ ತಗಡು ಮಾತ್ರ ಲಕ್ಷ್ಯಕ್ಕೆ ಬರಲಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದ ಮೇಲೆ ಓದುವುದೂ ಲೈಬ್ರರಿಯಲ್ಲೇ, ಮಧ್ಯಾಹ್ನದ ನಿದ್ದೆಯೂ ಅಲ್ಲೇ.