ಎನ್‌ಎಫ್‌ಎಸ್ ನಿಧಾನಕ್ಕೆ ನಾಲ್ಕು ಮದ್ದು: ಥ್ರೆಡ್, ಅಸಿಂಕ್, ಎನ್‌ಕನೆಕ್ಟ್, ಜರ್ನಲ್

ನಮ್ಮ ಆಫೀಸಿನ ಫೈಲ್ ಸರ್ವರ್ ಒಂದು ಲಿನಕ್ಸ್ ಮಷಿನ್. ಅದರ ಫೈಲ್‌ಗಳನ್ನು ಎಲ್ಲರೂ ತಮ್ಮ ಮಷಿನ್‌ನಿಂದಲೇ (ಅದೇ ಕ್ಲೈಂಟ್) ಎನ್‌ಎಫ್‌ಎಸ್ ಮೂಲಕ, ಅಂದರೆ ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ವ್ಯವಸ್ಥೆಯ ಮೂಲಕ, ಬಳಸುತ್ತಾರೆ. ನಾಲ್ಕು ಹಾರ್ಡ್ ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ), ಅದರ ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಂ, ಒಂದು ಗಿಗಾಬಿಟ್ ಕೇಬಲ್. ದೂರು ಎರಡು ಬರುತ್ತಿದ್ದವು. ಯಾರಾದರೂ ದೊಡ್ಡ ಡಿಸ್ಕ್ ಇಮೇಜ್ ಕಾಪಿ ಹಾಕಿದರೆ ಉಳಿದವರ ಎಲ್‌ಎಸ್ (ಫೈಲ್ ಪಟ್ಟಿ ತೋರಿಸುವ ಕಮಾಂಡ್) ಕೂಡ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಇನ್ನೊಂದು, ಲಿನಕ್ಸ್ ಕರ್ನಲ್ ಸೋರ್ಸಿನ ಟಾರ್ (ಸಾವಿರಾರು ಸಣ್ಣ ಫೈಲ್‌ಗಳ ಒಂದು ಕಟ್ಟು) ಕ್ಲೈಂಟ್‌ನಿಂದ ಬಿಚ್ಚಲು ಮುಕ್ಕಾಲು ಗಂಟೆ. ಅದನ್ನೇ ಸರ್ವರ್‌ನಲ್ಲಿ ಲಾಗಿನ್ ಆಗಿ ಬಿಚ್ಚಿದರೆ ಒಂದು ನಿಮಿಷ. ಎರಡೂ ಒಂದೇ ರೋಗ ಅಂದುಕೊಂಡದ್ದು ನನ್ನ ತಪ್ಪು.

ಮೊದಲು ಎನ್‌ಎಫ್‌ಎಸ್‌ಡಿ ಥ್ರೆಡ್‌ಗಳನ್ನು (ಕ್ಲೈಂಟ್‌ಗಳ ಕೋರಿಕೆ ಪೂರೈಸುವ ಸರ್ವರ್‌ನ ಕೆಲಸಗಾರರು) 8ರಿಂದ 64ಕ್ಕೆ ಏರಿಸಿದೆ. ಟಾರ್ ಒಂದು ನಿಮಿಷವೂ ಬೇಗ ಮುಗಿಯಲಿಲ್ಲ. ಮುಗಿಯುವುದೂ ಇಲ್ಲ: ಟಾರ್ ಒಂದು ಫೈಲ್ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕುತ್ತದೆ, ಸರ್ವರ್ ಪ್ರತಿ ಫೈಲನ್ನೂ ಡಿಸ್ಕಿಗೆ ಇಳಿಸಿದ ಮೇಲೇ ಉತ್ತರ ಕೊಡುತ್ತದೆ. ಮಿಕ್ಕ ಥ್ರೆಡ್‌ಗಳಿಗೆ ಕೆಲಸವೇ ಇಲ್ಲ.

ಆದರೆ ಎಲ್‌ಎಸ್ ದೂರು ನಿಂತಿತು. ದೊಡ್ಡ ಕಾಪಿ ನಡೆಯುವಾಗ ಕ್ಲೈಂಟ್ ಹತ್ತಾರು ರೈಟ್ ಒಟ್ಟಿಗೆ ಕಳಿಸುತ್ತದೆ; ಎಂಟೂ ಥ್ರೆಡ್ ಡಿಸ್ಕಿಗಾಗಿ 'ಡಿ' ಸ್ಥಿತಿಯಲ್ಲಿ ಕಾಯುತ್ತವೆ. ದರ್ಶಿನಿಯಲ್ಲಿ ಸಪ್ಲೈಯರ್‌ಗಳೆಲ್ಲ ದೋಸೆ ಕಾವಲಿ ಮುಂದೆ ನಿಂತರೆ ನೀರು ಕೇಳಿದವರಿಗೂ ಗತಿಯಿಲ್ಲವಲ್ಲ, ಹಾಗೆ. ಕಾವಲಿ ವೇಗವಾಗಲಿಲ್ಲ, ನೀರು ಕೊಡಲು ಜನ ಸಿಕ್ಕರು ಅಷ್ಟೆ. 64ರಲ್ಲಿ ಲೋಡ್ ಆವರೇಜ್ (ಮಷಿನ್ ಮೇಲಿನ ಒತ್ತಡದ ಸರಾಸರಿ) 60ರ ಹತ್ತಿರ ಹೋಗಿ ಗಾಬರಿ ಹುಟ್ಟಿಸಿತು. ಕಾಯುತ್ತಿರುವ ಥ್ರೆಡ್‌ಗಳೂ ಆ ಲೆಕ್ಕಕ್ಕೆ ಸೇರುತ್ತವೆ, ಸಿಪಿಯು ಖಾಲಿಯೇ ಇತ್ತು. 32 ಸಾಕಾಯಿತು.

ಇಲ್ಲಿ ಒಂದು ಎಚ್ಚರಿಕೆ. ಎನ್‌ಎಫ್‌ಎಸ್‌ಡಿ ಅಂಕಿಅಂಶದ 'ಟಿಎಚ್' ಸಾಲಿನ ಕೊನೆಯ ಹತ್ತು ಸಂಖ್ಯೆ ನೋಡಿ ಥ್ರೆಡ್ ಸಾಲದು ಎಂದು ತಿಳಿಯಿರಿ ಅನ್ನುವ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. 2009ರಲ್ಲೇ ಕರ್ನಲ್‌ನಿಂದ ಆ ಲೆಕ್ಕ ತೆಗೆದರು, ಈಗ ಅಲ್ಲಿ ಬರೀ ಸೊನ್ನೆ. ನೋಡಬೇಕಾದ್ದು ಪೂಲ್ ಸ್ಟಾಟ್ಸ್ ಫೈಲಿನ 'ಸಾಕೆಟ್ಸ್ ಎನ್‌ಕ್ಯೂಡ್' ಕಾಲಂ. ಬಿಡುವಿನ ಥ್ರೆಡ್ ಸಿಗದಾಗೆಲ್ಲ ಅದು ಏರುತ್ತದೆ ಎನ್ನುತ್ತದೆ ಕರ್ನಲ್ ದಾಖಲೆ. ನಮ್ಮಲ್ಲಿ 8 ಇದ್ದಾಗ ನೋಡನೋಡುತ್ತ ಏರುತ್ತಿತ್ತು, 32ರಲ್ಲಿ ಹೆಚ್ಚುಕಡಿಮೆ ನಿಂತಿತು.

ಎಕ್ಸ್‌ಪೋರ್ಟ್‌ಗೆ (ಸರ್ವರ್ ಹಂಚುವ ಫೋಲ್ಡರ್‌ಗೆ) ಸಿಂಕ್ ಬದಲು ಅಸಿಂಕ್ ಆಯ್ಕೆ ಹಾಕಿದಾಗ ಟಾರ್ ಮೂರೇ ನಿಮಿಷ! ಮರುದಿನವೇ ತೆಗೆದೆ. ಡಿಸ್ಕಿಗೆ ಬರೆಯುವ ಮೊದಲೇ ಸರ್ವರ್ 'ಆಯಿತು' ಅನ್ನುತ್ತದೆ; ಆ ಹೊತ್ತಿಗೆ ಕರೆಂಟ್ ಹೋದರೆ ಫೈಲ್ ಹೋದದ್ದು ಕ್ಲೈಂಟಿಗೆ ಗೊತ್ತೇ ಆಗುವುದಿಲ್ಲ. ಬೇರೆಯವರ ಕೆಲಸ ಇಟ್ಟುಕೊಂಡ ಸರ್ವರ್‌ನಲ್ಲಿ ಇದನ್ನು ನಾನು ಒಪ್ಪಲಾರೆ.

ಟಾರ್ ದೂರಿಗೆ ನಿಜವಾಗಿ ನಾಟಿದ್ದು ಜರ್ನಲ್ (ಫೈಲ್ ಸಿಸ್ಟಂ ತನ್ನ ಬದಲಾವಣೆಗಳನ್ನು ಮೊದಲು ಬರೆದಿಡುವ ಜಾಗ) ಸ್ಥಳಾಂತರ. ಟಾರ್ ನಡೆಯುವಾಗ ಐಒಸ್ಟಾಟ್‌ನಲ್ಲಿ (ಡಿಸ್ಕಿನ ಕೆಲಸ ತೋರಿಸುವ ಕಮಾಂಡ್) ನಾಲ್ಕೂ ಡಿಸ್ಕ್ ನೂರಕ್ಕೆ ನೂರು ಬಿಜಿ, ಬರೆಯುತ್ತಿದ್ದದ್ದು ಮಾತ್ರ ಸೆಕೆಂಡಿಗೆ ಒಂದು ಎಂಬಿಗೂ ಕಡಿಮೆ. ರೇಡ್ 5ರಲ್ಲಿ ಒಂದು ಸಣ್ಣ ರೈಟ್‌ಗೆ ಎರಡು ಓದು, ಎರಡು ಬರಹ. ಕರೆಂಟ್ ಹೋದರೂ ಬಾಕಿ ಬರಹ ಮುಗಿಸುವ ಕೆಪಾಸಿಟರ್ ಇರುವ ಎಸ್‌ಎಸ್‌ಡಿ ಎರಡನ್ನು ಮಿರರ್ ಮಾಡಿ, ಇಎಕ್ಸ್‌ಟಿ4 ಜರ್ನಲ್ ಅಲ್ಲಿಗೆ ಸರಿಸಿ, ಡೇಟಾವನ್ನೂ ಜರ್ನಲ್‌ಗೇ ಬರೆಯುವಂತೆ ಮೌಂಟ್ ಮಾಡಿದೆ. ಟಾರ್ ಆರು ನಿಮಿಷಕ್ಕೆ ಇಳಿಯಿತು, ಸಿಂಕ್ ಹಾಗೇ ಇದೆ. ಅಸಿಂಕ್‌ಗಿಂತ ಮೂರು ನಿಮಿಷ ಹೆಚ್ಚು; ಆ ಮೂರು ನಿಮಿಷ ಸಂತೋಷದಿಂದ ಕೊಡುತ್ತೇನೆ.

ಕ್ಲೈಂಟ್‌ನಲ್ಲಿ ಎನ್‌ಕನೆಕ್ಟ್ 4 ಎಂಬ ಮೌಂಟ್ ಆಯ್ಕೆ ಕೂಡ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಒಂದೇ ಗಿಗಾಬಿಟ್ ಕೇಬಲ್ ಮೇಲೆ ನಾಲ್ಕು ಟಿಸಿಪಿ ಕನೆಕ್ಷನ್ ಮಾಡಿ ಏನು ಬಂತು? 10 ಗಿಗಾಬಿಟ್ ಕಾರ್ಡ್ ಬಂದ ದಿನ ಮತ್ತೆ ಅಳೆಯುತ್ತೇನೆ.