ಎಂಕೆಡಿರ್ ಸಿಸ್ಟಂ ಕಾಲ್: ಒಂದು ಅಡಿಕೆ ಸೀಸನ್ ಬಳಸಿದ ಮೇಲೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಮಂಡಿ ಚೀಟಿಗಳನ್ನೆಲ್ಲ ಅಪ್ಪಯ್ಯ ತಂತಿಗೆ ಚುಚ್ಚಿ ಇಡುತ್ತಾರೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಚೀಟಿಗಳ ಫೋಟೋ ತೆಗೆದು ವರ್ಷ, ತಿಂಗಳು, ಆಮೇಲೆ ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆ ನೋಡಿ ಫೋಲ್ಡರ್‌ಗೆ ಹಾಕುವ ಸಣ್ಣ ಸಿ ಪ್ರೋಗ್ರಾಂ ಬರೆದೆ, ಲಿನಕ್ಸ್‌ನಲ್ಲಿ. ಫೋಲ್ಡರ್ ಮಾಡಲು ಬಳಸಿದ್ದು ಎಂಕೆಡಿರ್ (mkdir), ಅಂದರೆ ಹೊಸ ಫೋಲ್ಡರ್ ಮಾಡಿಕೊಡು ಅಂತ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂಗೆ ಕೊಡುವ ಕರೆ (ಸಿಸ್ಟಂ ಕಾಲ್).

ಇದಕ್ಕೆ ದಾರಿ (ಫೋಲ್ಡರ್ ಎಲ್ಲಿ, ಯಾವ ಹೆಸರಲ್ಲಿ ಬೇಕು) ಮತ್ತು ಅನುಮತಿ (ಅದನ್ನು ಯಾರು ಓದಬಹುದು, ಯಾರು ಬರೆಯಬಹುದು), ಎರಡು ಕೊಟ್ಟರೆ ಸಾಕು. ಕೆಲಸ ಆದರೆ 0, ಆಗದಿದ್ದರೆ -1, ಯಾಕೆ ಆಗಲಿಲ್ಲ ಅನ್ನೋದರ ಸಂಕೇತ ಎರ್‌ನೋ (errno) ಅನ್ನುವ ವೇರಿಯಬಲ್‌ನಲ್ಲಿ. ನಾನು ಆ -1 ನೋಡಲೇ ಇಲ್ಲ. ವರ್ಷದ ಫೋಲ್ಡರ್ ಇಲ್ಲದೆ ತಿಂಗಳಿನದು ಹುಟ್ಟುವುದಿಲ್ಲ, ಈನೋಎಂಟ್ (ENOENT, ಆ ದಾರಿಯೇ ಇಲ್ಲ ಅನ್ನುವ ಸಂಕೇತ) ಬರುತ್ತದೆ, ಮೇಲಿನಿಂದ ಒಂದೊಂದೇ ಮಾಡಿಕೊಂಡು ಬರಬೇಕು; ನನ್ನ ಫೋಟೋ ಎಲ್ಲೂ ಸೇರಲಿಲ್ಲ, ಫೋನಿನಲ್ಲಿದ್ದದ್ದನ್ನು ಆಗಲೇ ಅಳಿಸಿದ್ದೆ. ಪುಣ್ಯಕ್ಕೆ ಚೀಟಿಗಳು ತಂತಿಯಲ್ಲೇ ಇದ್ದವು. ಅಪ್ಪಯ್ಯ ಒಂದೊಂದಾಗಿ ಬಿಚ್ಚಿ ಕೊಟ್ಟರು.

ಅನುಮತಿಯಲ್ಲೂ ಹುಷಾರು. 0777 (ಎಲ್ಲರೂ ಬರೆಯಬಹುದು) ಕೊಟ್ಟಿದ್ದೆ, ಕೆಲವು ಅನುಮತಿಗಳನ್ನು ತಾನೇ ಕಳೆಯುವ ಉಮಾಸ್ಕ್ 022 ಇದ್ದದ್ದರಿಂದ ಆಗಿದ್ದು 0755 (ನಾನು ಮಾತ್ರ ಬರೆಯಬಹುದು), ತಂಗಿಯ ಲಾಗಿನ್‌ನಿಂದ ಫೋಟೋ ಹಾಕಲು ಆಗಲೇ ಇಲ್ಲ. ಆಮೇಲೆ ಅನುಮತಿ ಬದಲಿಸುವ ಸಿಎಚ್‌ಮಾಡ್ (chmod) ಕರೆದು ಸರಿ ಮಾಡಿದೆ.

ನನಗೆ ತುಂಬಾ ಹಿಡಿಸಿದ್ದು ಬೇರೆ. ಲಿನಕ್ಸ್‌ಗೆ ಮಾದರಿಯಾದ ಹಳೆಯ ಯುನಿಕ್ಸ್‌ನಲ್ಲಿ ಈ ಕಾಲ್ ಇರಲೇ ಇಲ್ಲ, ರೂಟ್ (ಸಿಸ್ಟಂನ ಪೂರ್ಣ) ಅಧಿಕಾರದ ಒಂದು ಕಮಾಂಡ್ ಮೊದಲು ಖಾಲಿ ಡೈರೆಕ್ಟರಿ, ಅಂದರೆ ಫೋಲ್ಡರ್ ಮಾಡಿ, ಆಮೇಲೆ ಅದರೊಳಗೆ ಒಂದು ಚುಕ್ಕೆ (ಅದೇ ಫೋಲ್ಡರ್), ಎರಡು ಚುಕ್ಕೆ (ಅದರ ಮೇಲಿನ ಫೋಲ್ಡರ್) ಎಂಟ್ರಿಗಳನ್ನು ಜೋಡಿಸುತ್ತಿತ್ತು, ನಡುವೆ ನಿಂತರೆ ಅರ್ಧಂಬರ್ಧ. 1983ರ 4.2ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಇದು ಸಿಸ್ಟಂ ಕಾಲ್ ಆಯಿತು. ಈಗ ನಾನು, ತಂಗಿ ಒಟ್ಟಿಗೇ ಪ್ರೋಗ್ರಾಂ ಓಡಿಸಿದರೂ ಒಬ್ಬರಿಗೆ ಮಾತ್ರ 0, ಇನ್ನೊಬ್ಬರಿಗೆ ಈಎಕ್ಸಿಸ್ಟ್ (EEXIST, ಆ ಹೆಸರು ಆಗಲೇ ಇದೆ ಅನ್ನುವ ಸಂಕೇತ). ಎಷ್ಟು ನೆಮ್ಮದಿ ಅಲ್ವಾ! ಒಂದೇ ಕೊರತೆ: ಆ ಹೆಸರಿನಲ್ಲಿ ಮೊದಲೇ ಇರುವುದು ಫೋಲ್ಡರೋ ಫೈಲೋ ಅಂತ ಈಎಕ್ಸಿಸ್ಟ್ ಹೇಳುವುದಿಲ್ಲ, ವಿವರ ಹೇಳುವ ಸ್ಟ್ಯಾಟ್ (stat) ಕರೆದು ನಾವೇ ನೋಡಬೇಕು.

ಕನ್ನಡದ ಹೆಸರುಗಳನ್ನೂ ಸುಮ್ನೆ ತೆಗೆದುಕೊಳ್ಳುತ್ತದೆ. ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ನಲ್ಲಿ ‘ಶಿವಮೊಗ್ಗ’ಕ್ಕೆ 24 ಬೈಟ್ ಬೇಕು, ಜಾಗ ಬೇಕಾದಷ್ಟು ಉಳಿಯುತ್ತದೆ. ಈಗ ಬೆಟ್ಟೆ ಚೀಟಿ ಬೇಕೆಂದರೆ ಅಪ್ಪಯ್ಯ ನನ್ನನ್ನು ಕರೆಯುವುದಿಲ್ಲ, ‘ಬೆಟ್ಟೆ’ ಫೋಲ್ಡರ್ ತಾವೇ ತೆರೆದು ನೋಡುತ್ತಾರೆ.