ಅರಬೈಲ್ ಘಾಟಿಗೂ ನವಲಗುಂದದ ಎರೆ ಮಣ್ಣಿಗೂ ಒಂದೇ ಟೈರ್ ಸಾಕಾ?

ಹುಬ್ಬಳ್ಳಿಯ ಪಿ.ಬಿ. ರೋಡಿನಲ್ಲಿ ಯಾವ ಟೈರ್ ಅಂಗಡಿಗೆ ಹೋಗಿ "ವರ್ಷಪೂರ್ತಿ ಓಡಿಸ್ತೀನಿ, ಯಾವುದು ಹಾಕಲಿ" ಅಂತ ಕೇಳಿದರೂ ಬರುವ ಉತ್ತರ ಒಂದೇ. "ಯಾವ್ದರ ಹಾಕ್ರಿ ಸರ, ಎಲ್ಲಾ ಆಲ್ ಸೀಜನ್ನ ಅದಾವು." ಸುಳ್ಳೇನಲ್ಲ. ಆದರೆ ಅದರಿಂದ ನಮಗೆ ಏನೂ ತಿಳಿಯುವುದಿಲ್ಲ.

ಆಲ್ ಸೀಜನ್ ಅನ್ನುವ ಮಾತು ಹುಟ್ಟಿದ್ದೇ ಹಿಮ ಬೀಳುವ ದೇಶಗಳಲ್ಲಿ. ಅಲ್ಲಿ ಚಳಿ 7 ಡಿಗ್ರಿಗಿಂತ ಕೆಳಗೆ ಇಳಿದರೆ ಬೇಸಿಗೆ ಟೈರಿನ ರಬ್ಬರ್ ಬಿರುಸಾಗಿ ಹಿಡಿತ ಬಿಡುತ್ತದೆ, ಅದಕ್ಕೆ ಚಳಿಗಾಲಕ್ಕೇ ಅಂತ ಇನ್ನೊಂದು ಸೆಟ್ ಇಟ್ಟುಕೊಂಡು ವರ್ಷಕ್ಕೆ ಎರಡು ಸಲ ಬದಲಾಯಿಸುತ್ತಾರೆ, ಆ ತಾಪತ್ರಯ ಬೇಡ ಅನ್ನುವವರಿಗಾಗಿ ಬಂದದ್ದು ಈ ಜಾತಿ. ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇದ್ದರೆ ಅದು ಹಿಮದ ಮೇಲೆ ಪರೀಕ್ಷೆ ಪಾಸಾದದ್ದು. ಬರೀ ಎಂ ಪ್ಲಸ್ ಎಸ್ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಇದ್ದರೆ ಕಂಪನಿಯವರು ತಾವೇ ಹಾಕಿಕೊಂಡ ಗುರುತು, ಅದಕ್ಕೆ ಪರೀಕ್ಷೆ ಬೇಕಿಲ್ಲ. ಧಾರವಾಡದಲ್ಲಿ ಡಿಸೆಂಬರ್ ಬೆಳಿಗ್ಗೆ ನಮಗೆ ಸ್ವೆಟರ್ ಬೇಕಾಗುತ್ತದೆ ನಿಜ, ಟೈರಿಗೆ ಬೇಡ. ಆ ಚಿತ್ರ ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

ನಮ್ಮ ಸೀಜನ್ ಬೇರೆ. ನಾನು ಬೀಜದ ವ್ಯಾಪಾರದಲ್ಲಿದ್ದೇನೆ, ಹುಬ್ಬಳ್ಳಿಯಲ್ಲಿ ಮನೆ, ಸ್ವಿಫ್ಟ್ ಗಾಡಿ, 185/65 ಆರ್15 ಟೈರ್, ವರ್ಷಕ್ಕೆ ಸುಮಾರು 25,000 ಕಿಲೋಮೀಟರ್. ಒಂದು ದಿನ ರಾಣೆಬೆನ್ನೂರು, ಬ್ಯಾಡಗಿ. ಇನ್ನೊಂದು ದಿನ ಅಣ್ಣಿಗೇರಿ, ಗದಗ. ಹೆಂಡತಿಯ ತವರು ನವಲಗುಂದದ ಹತ್ತಿರ, ತಂಗಿಯನ್ನು ಕೊಟ್ಟಿರುವುದು ಅಂಕೋಲಾಕ್ಕೆ. ಅಂದರೆ ಪೂರ್ವಕ್ಕೆ ಹೋದರೆ ಏಪ್ರಿಲ್ ಬಿಸಿಲಿನಲ್ಲಿ ಕಾದ ಡಾಂಬರು, ಚೂಪು ಖಡಿ. ಪಶ್ಚಿಮಕ್ಕೆ ಹೋದರೆ ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟಿ, ಜುಲೈನಲ್ಲಿ ಅಲ್ಲಿ ಮಳೆ ಬೀಳುವುದಿಲ್ಲ, ಸುರಿಯುತ್ತದೆ. ಬಯಲುಸೀಮೆ ಮತ್ತು ಮಲೆನಾಡು ಕೂಡುವ ಜಾಗದಲ್ಲಿ ಮನೆ ಮಾಡಿಕೊಂಡವರ ಹಣೆಬರಹ ಇದು. ಎರಡಕ್ಕೂ ಒಂದೇ ಟೈರ್ ಬೇಕು.

ಈಗ ಹಾಕಿರುವುದು ಈ ಗಾಡಿಗೆ ಮೂರನೇ ಸೆಟ್. ಮೊದಲಿನ ಎರಡರ ಹೆಸರು ಹೇಳುವುದಿಲ್ಲ, ನನ್ನ ಅನುಭವ ನಿಮ್ಮದೂ ಆಗಬೇಕೆಂದಿಲ್ಲ.

ಮೊದಲನೆಯದು ಗಾಡಿಯ ಜೊತೆಗೇ ಬಂದದ್ದು. ಮೆತ್ತಗೆ, ಸದ್ದಿಲ್ಲದೆ ಓಡುತ್ತಿತ್ತು. ಊರೊಳಗಿನ ಒಂದು ಗುಂಡಿಯಲ್ಲಿ (ಯಾವ ಗುಂಡಿ ಅಂತ ಕೇಳಬೇಡಿ, ಈಗ ಅದು ದೊಡ್ಡದಾಗಿದೆ) ಎಡಗಡೆ ಮುಂದಿನ ಟೈರ್ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬಿಕೊಂಡಿತು. ಒಳಗಿನ ದಾರ ಹರಿದಾಗ ಹೀಗಾಗುತ್ತದೆ. ಪಂಕ್ಚರ್ ಹಾಕಿದ ಹಾಗೆ ಇದನ್ನು ಸರಿಮಾಡಲು ಬರುವುದಿಲ್ಲ, ಬಿಸಾಡುವುದೊಂದೇ ದಾರಿ. ಉಬ್ಬು ಇಟ್ಟುಕೊಂಡು ಬೈಪಾಸ್ ಮೇಲೆ ಹೋಗುವವರನ್ನು ನೋಡಿದ್ದೇನೆ, ಅವರ ಧೈರ್ಯಕ್ಕೆ ಕೈಮುಗಿಯಬೇಕು.

ಅದರಿಂದ ಬುದ್ಧಿ ಕಲಿತೆ ಅಂದುಕೊಂಡು ಎರಡನೇ ಸಲ ಗಟ್ಟಿ ಜಾತಿಯದು ಹಾಕಿಸಿದೆ. ದಪ್ಪ ಪಕ್ಕೆ, ಬಿರುಸು ರಬ್ಬರ್, ಗದಗ ರೋಡಿನ ಟ್ಯಾಕ್ಸಿಯವರೆಲ್ಲ ಹೊಗಳುವಂಥದ್ದು. ಎರಡು ವರ್ಷ ಒಂದು ಪಂಕ್ಚರ್ ಇಲ್ಲ. ಬೇಸಿಗೆಯಲ್ಲಿ ಬಂಗಾರ. ಸದ್ದು ಸ್ವಲ್ಪ ಜಾಸ್ತಿ, ಹಾಡು ಜೋರು ಮಾಡಿದರೆ ಆಯಿತು. ಮೂರನೇ ಮಳೆಗಾಲ, ಅರಬೈಲ್ ಇಳಿಯುತ್ತಿದ್ದೆ, 40ರ ಮೇಲೆ ಇರಲಿಲ್ಲ. ಮುಂದಿನ ಲಾರಿ ತಿರುವಿನಲ್ಲಿ ಗಕ್ಕನೆ ನಿಂತಿತು. ನಾನೂ ಬ್ರೇಕ್ ಒತ್ತಿದೆ. ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಕಾಲಿನ ಕೆಳಗೆ ಗಡಗಡ ಅನ್ನುತ್ತಿದೆ, ಗಾಡಿ ಮಾತ್ರ ನನಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವ ಹಾಗೆ ಜಾರುತ್ತಾ ಹೋಗಿ ಲಾರಿಯ ಹಿಂದಿನ "ಹಾರ್ನ್ ಮಾಡಿ" ಅಕ್ಷರ ಕನ್ನಡಕ ಇಲ್ಲದೆ ಓದುವಷ್ಟು ಹತ್ತಿರ ನಿಂತಿತು. ಕೆಳಗೆ ಬಂದು ನೋಡಿದರೆ ಟೈರಿನ ಗೆರೆ ಇನ್ನೂ ಆಳವಾಗೇ ಇತ್ತು. ಸವೆದಿರಲಿಲ್ಲ, ಬಿಸಿಲಿಗೆ ರಬ್ಬರ್ ಕಲ್ಲಾಗಿತ್ತು. ಉಗುರು ಒತ್ತಿದರೆ ಗುರುತೂ ಬೀಳಲಿಲ್ಲ.

ಇಲ್ಲಿ ಎಲ್ಲರೂ ತಪ್ಪುವುದು ಇಷ್ಟೇ. ಮಳೆಯಲ್ಲಿ ಎರಡು ಕೆಲಸ ಇರುತ್ತವೆ. ಗೆರೆಗಳು ನೀರನ್ನು ಹೊರಗೆ ತಳ್ಳಬೇಕು, ಇಲ್ಲದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ. ನೀರು ಹೋದ ಮೇಲೆ ಉಳಿದ ಒದ್ದೆ ಡಾಂಬರನ್ನು ರಬ್ಬರ್ ಹಿಡಿಯಬೇಕು. ಗೆರೆ ಎಷ್ಟು ಉಳಿದಿದೆ ಅಂತ ನಾವು ನೋಡುತ್ತೇವೆ, ರಬ್ಬರ್ ಹೇಗಿದೆ ಅಂತ ನೋಡುವುದಿಲ್ಲ. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಗೆರೆ ಉಳಿದಿದ್ದರೆ ಸಾಕು, ಗೆರೆಯ ತಳದಲ್ಲಿ ಸಣ್ಣ ದಿಬ್ಬ ಇರುತ್ತದಲ್ಲ, ಅದು ಆ ಮಟ್ಟಕ್ಕೇ ಇಟ್ಟದ್ದು. ಆದರೆ ನನ್ನನ್ನು ಕೇಳಿದರೆ ಘಾಟಿಗೆ ಹೋಗುವವರು 3ಕ್ಕೇ ಬದಲಾಯಿಸಿ.

ಹೀಗಾಗಿ 2024ರ ಮೇ ತಿಂಗಳಲ್ಲಿ ಮಳೆಯನ್ನೇ ನೋಡಿ ಆರಿಸಿದೆ. ಅಂಗಡಿಯಲ್ಲಿ ತೋರಿಸಿದ್ದು ಅಪೊಲೊ ಅಮೇಜರ್ 4ಜಿ ಲೈಫ್, ಸಿಯೆಟ್ ಮೈಲೇಜ್ ಎಕ್ಸ್3, ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ 2, ಮಿಶಲಿನ್ ಎನರ್ಜಿ ಎಕ್ಸ್‌ಎಂ2 ಪ್ಲಸ್. ಮೊದಲಿನ ಎರಡರ ಹೆಸರಲ್ಲೇ ಉತ್ತರ ಇದೆ, ಬಾಳಿಕೆಗೆ ಮಾಡಿದವು. ಟ್ಯಾಕ್ಸಿ ಓಡಿಸುವವರಿಗೆ, ಗದಗ, ರೋಣ, ನವಲಗುಂದದ ಕಡೆಯೇ ತಿರುಗುವವರಿಗೆ ಆ ಬಗೆಯೇ ಸರಿ, ಮಾತೇ ಬೇಡ. ಕೊನೆಯ ಎರಡು ಒದ್ದೆ ರಸ್ತೆಯ ಬ್ರೇಕ್ ಲೆಕ್ಕ ಹಾಕಿ ಮಾಡಿದವು. ನಾನು ಮಿಶಲಿನ್ ಹಾಕಿಸಿದೆ, ಒಂದಕ್ಕೆ 6,900. ಬಾಳಿಕೆಯ ಜಾತಿ 5,300ಕ್ಕೆ ಸಿಗುತ್ತಿತ್ತು.

ಎರಡು ಮಳೆಗಾಲ, 38,000 ಕಿಲೋಮೀಟರ್ ಆಯಿತು. ಅದೇ ಘಾಟಿಯ ಅದೇ ತಿರುವಿನಲ್ಲಿ ಈಗ ಬ್ರೇಕ್ ಒತ್ತಿದರೆ ಗಾಡಿ ಮಾತು ಕೇಳುತ್ತದೆ. ಮೇ ತಿಂಗಳ ಅಡ್ಡಮಳೆಗೆ, ಅಂದರೆ ರಸ್ತೆಯ ಎಣ್ಣೆ, ದೂಳು ಎಲ್ಲಾ ಸೇರಿ ಸಾಬೂನು ಆಗುವ ಆ ಮೊದಲ ಅರ್ಧ ಗಂಟೆಗೆ, ಬೈಪಾಸಿನಲ್ಲಿ ಮೊದಲಿನ ಹೆದರಿಕೆ ಇಲ್ಲ. ಗೆರೆ ಇನ್ನೂ 4 ಮಿಲಿಮೀಟರ್ ಇದೆ. 60,000ಕ್ಕೆ ಮುಗಿಯುತ್ತದೆ ಅಂತ ಇಟ್ಟುಕೊಂಡರೆ ನಾಲ್ಕೂ ಟೈರ್ ಸೇರಿ ಕಿಲೋಮೀಟರಿಗೆ 46 ಪೈಸೆ. ಗಟ್ಟಿಯದು 75,000 ಬಂದರೆ 28 ಪೈಸೆ. ನನ್ನ ಓಡಾಟಕ್ಕೆ ವರ್ಷಕ್ಕೆ ಸುಮಾರು 4,400 ರೂಪಾಯಿ ಜಾಸ್ತಿ. ಮುಂದಿನ ಒಂದು ಬಂಪರ್ ಬೆಲೆ ಕೇಳಿ ನೋಡಿ, ಆಮೇಲೆ ಹೇಳಿ.

ಎರೆ ಮಣ್ಣಿನ ಮಾತು ಬಂದರೆ ಮಾತ್ರ ಇವೆಲ್ಲಾ ಟೈರುಗಳೂ ಒಂದೇ, ಯಾವುದೂ ಪ್ರಯೋಜನ ಇಲ್ಲ. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿದರೆ ನೂರು ಹೆಜ್ಜೆಯೊಳಗೆ ಗೆರೆಯೆಲ್ಲಾ ತುಂಬಿ ಚಕ್ರ ಮಣ್ಣಿನ ಮುದ್ದೆಯಾಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣು ಅದೇ ಅಲ್ವಾ, ಅಂಟದೆ ಏನು ಮಾಡೀತು. ನಮ್ಮ ಮಾವನವರು ಗಾಡಿ ನೋಡಿ "ಇದನ್ನ ಡಾಂಬರ ಮ್ಯಾಲ ನಿಂದ್ರಸ್ರಿ, ನಡಕೋತ ಬರ್ರಿ" ಅಂದರು. ಅದೇ ಸರಿ. ಡಾಂಬರಿನ ಮೇಲೂ ಹುಷಾರಾಗಿರಿ, ಟ್ರ್ಯಾಕ್ಟರ್ ಹೊಲದಿಂದ ಎಳೆದುಕೊಂಡು ಬಂದ ಮಣ್ಣು ರಸ್ತೆ ಮೇಲೆ ಬಿದ್ದು ಒದ್ದೆಯಾದರೆ 7,000ದ ಟೈರೂ ಜಾರುತ್ತದೆ.

ಅಂಗಡಿಯಲ್ಲಿ ಜಗಳ ಮಾಡಿಯಾದರೂ ಕೇಳಬೇಕಾದ್ದು ಎರಡಿದೆ. ಒಂದು, ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 1424 ಅಂದರೆ 2024ರ 14ನೇ ವಾರ ತಯಾರಾದದ್ದು. ನಾಲ್ಕಕ್ಕೆ ನಾಲ್ಕನ್ನೂ ನೋಡಿ. ನನಗೆ ಮೂರು ಹೊಸದು ತೋರಿಸಿ ಒಂದು ಹಿಂದಿನ ವರ್ಷದ್ದು ಸೇರಿಸಿದ್ದರು, ಕೇಳಿದ ಮೇಲೆ "ಹೌದೇನ್ರಿ, ನೋಡೇ ಇಲ್ರಿ" ಅಂತ ಬದಲಾಯಿಸಿ ಕೊಟ್ಟರು. ಇನ್ನೊಂದು, ಎರಡೇ ಟೈರ್ ಹಾಕಿಸುವುದಾದರೆ ಹೊಸದು ಹಿಂದಕ್ಕೆ. ಮುಂದಿನ ಚಕ್ರ ಎಳೆಯುವ ಗಾಡಿ ಅಂತ ಎಲ್ಲರೂ ಮುಂದಕ್ಕೇ ಹಾಕುತ್ತಾರೆ. ಆದರೆ ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಸ್ಟೇರಿಂಗ್ ತಿರುಗಿಸಿ ಏನೂ ಉಪಯೋಗ ಇಲ್ಲ. ಹವಾ ಬೆಳಿಗ್ಗೆ ತಣ್ಣಗಿದ್ದಾಗ ಚೆಕ್ ಮಾಡಿಸಿ, ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು. ಬಿಸಿಲಿಗೆ ಏರಿದೆ ಅಂತ ಹವಾ ಬಿಡಬೇಡಿ, ಏರುವುದು ಸಹಜ. ಕಮ್ಮಿ ಹವಾದಲ್ಲಿ ಪಕ್ಕೆ ಮಡಚಿ ಮಡಚಿ ಇನ್ನೂ ಕಾಯುತ್ತದೆ, ಬೇಸಿಗೆಯಲ್ಲಿ ಟೈರ್ ಸಿಡಿಯುವುದಕ್ಕೆ ಅದೂ ಒಂದು ಕಾರಣ.

2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ನಾನು ಒಂದು ವರ್ಷ ಮೊದಲೇ ಅವಸರ ಮಾಡಿದೆ. ನೀವು ಬಿಲ್ ಕೇಳಿ ತೆಗೆದುಕೊಳ್ಳಿ.

ಹಳೆಯ ಗಟ್ಟಿ ಟೈರುಗಳಿಗೆ ಅಂಗಡಿಯವರು ಒಂದಕ್ಕೆ 300 ಕೊಡುತ್ತೇನೆ ಅಂದರು. ಮೂರು ಕೊಟ್ಟೆ, ಒಂದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ನವಲಗುಂದಕ್ಕೆ ಒಯ್ದೆ. ಪಂಚಮಿಗೆ ಮಕ್ಕಳು ಬೇವಿನ ಮರಕ್ಕೆ ಅದನ್ನೇ ಜೋಕಾಲಿ ಕಟ್ಟಿದರು. ಈ ವರ್ಷದ ಪಂಚಮಿಗೂ ಅದೇ ಇತ್ತು, ಸ್ವಲ್ಪವೂ ಸವೆದಿಲ್ಲ.